ಕಚೇರಿಯ ಹವೆ ಕೆಟ್ಟಾಗ

ನಮ್ಮ ಸಂಘದ ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗಕ್ಕೆ ಪ್ರತಿವರ್ಷ ವೈದ್ಯರೇ ಬರೆಯುವುದು ವಾಡಿಕೆಯಾಗಿದೆ. ಮಧುಮೇಹ, ಮೊಣಕಾಲಿನ ಸವೆತ, ಕಣ್ಣಿನ ಪೊರೆ ಮುಂತಾದವುಗಳ ಕುರಿತು ಹಿಂದಿನ ಸಂಚಿಕೆಗಳಲ್ಲಿ ಪ್ರಕಟವಾದ ಲೇಖನಗಳಿಂದ ನಾವೆಲ್ಲರೂ ಪ್ರಯೋಜನ ಪಡೆದಿದ್ದೇವೆ. ಅಂಥವರ ಸಾಲಿನಲ್ಲಿ ಬ್ಯಾಂಕಿನ ಅಧಿಕಾರಿಯೊಬ್ಬನು ಬಂದು ನಿಲ್ಲುವುದು ಅಧಿಕಪ್ರಸಂಗವೆನಿಸಬಹುದು. ನಾನು ವಾಣಿಜ್ಯಶಾಸ್ತ್ರದ ಪದವೀಧರ. ಇಪ್ಪತ್ತೆರಡು ವರ್ಷಗಳಿಂದ ಪರರ ಜಮಾ-ಖರ್ಚುಗಳನ್ನು ಪರಿಶೀಲಿಸುವುದೇ ನನ್ನ ಕಸುಬು. ಆದರೆ ಒಂದು ಬಗೆಯ ಅನಾರೋಗ್ಯವು ವೈದ್ಯರ ಕೊಠಡಿಗೆ ಹೋಗುವ ಮುನ್ನ ನಮ್ಮ ಮೇಜಿನ ಮುಂದೆ ಬಂದು ಕುಳಿತುಕೊಳ್ಳುತ್ತದೆಂಬುದನ್ನು ಈಚಿನ ವರ್ಷಗಳಲ್ಲಿ ಕಂಡುಕೊಂಡಿದ್ದೇನೆ. ಕಚೇರಿಯ ಹವೆ ಕೆಡುವುದರಿಂದ ಬರುವ ಅನಾರೋಗ್ಯ ಅದು. ತಂತ್ರಾಂಶ ಕಂಪನಿಗಳನ್ನೇ ನಂಬಿಕೊಂಡು ಪುಣೆಗೆ ಬಂದು ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಅದನ್ನು ಹೆಚ್ಚಾಗಿ ಕಾಣುತ್ತಿದ್ದೇನೆ.

ನನ್ನ ಬಾಲ್ಯಸ್ನೇಹಿತರೊಬ್ಬರ ಮಗ ಧಾರವಾಡದಲ್ಲಿ ಇಂಜಿನಿಯರಿಂಗ್ ಮುಗಿಸಿ ಹಿಂಜವಡಿಯ ಒಂದು ಕಂಪನಿಯಲ್ಲಿ ಕೆಲಸಕ್ಕೆ ಸೇರಿದ್ದನು. 2021ರಲ್ಲಿ ಆತನು ಗೃಹಸಾಲಕ್ಕಾಗಿ ನಮ್ಮ ಶಾಖೆಗೆ ಬಂದಾಗ ಕೈಯಲ್ಲಿ ಪೇಡೆಯ ಪೊಟ್ಟಣವಿತ್ತು, ಮುಖದಲ್ಲಿ ಉತ್ಸಾಹವಿತ್ತು. ತನ್ನ ಕಂಪನಿಯ ಬಗ್ಗೆ ಅರ್ಧ ಗಂಟೆ ಹೇಳಿದನು. ಯಾರಿಂದಾದರೂ ತಪ್ಪಾದರೆ ಎಲ್ಲರೂ ಕೂಡಿ ಅದರ ಕಾರಣವನ್ನು ಹುಡುಕುತ್ತಾರೆಯೇ ಹೊರತು ತಪ್ಪು ಮಾಡಿದವನನ್ನು ಹುಡುಕುವುದಿಲ್ಲ ಎಂದನು. ನಾನು ಆತನ ಸಂಬಳದ ಚೀಟಿಯನ್ನು ನೋಡಿದೆ. ಕೈಗೆ ಬರುವ ಸಂಬಳ 1,05,000 ರೂಪಾಯಿ. 60 ಲಕ್ಷದ ಸಾಲ, 20 ವರ್ಷದ ಅವಧಿ, ಬಡ್ಡಿ ಶೇಕಡಾ 7. ನನ್ನ ಮೇಜಿನ ಮೇಲಿರುವ ಎಚ್‌ಪಿ-12ಸಿ ಎಂಬ ಹಳೆಯ ಲೆಕ್ಕದ ಯಂತ್ರದಲ್ಲಿ ಗುಂಡಿಗಳನ್ನು ಒತ್ತಿದಾಗ ಮಾಸಿಕ ಕಂತು ಸುಮಾರು 46,500 ರೂಪಾಯಿ ಎಂದು ಬಂತು. ಸಂಬಳದ ಶೇಕಡಾ 44. ನಮ್ಮ ಶಾಖೆಯ ಮಿತಿ 50. ನಿಯಮದ ಪ್ರಕಾರ ಯಾವ ಅಡ್ಡಿಯೂ ಇರಲಿಲ್ಲ. ಮಂಜೂರಾತಿಗೆ ಸಹಿ ಹಾಕಿದವನು ನಾನೇ.

ಆ ಲೆಕ್ಕದ ಯಂತ್ರವು ನನಗೆ ಹಿರಿಯ ಅಧಿಕಾರಿಯೊಬ್ಬರು ನಿವೃತ್ತರಾಗುವಾಗ ಕೊಟ್ಟುಹೋದದ್ದು. 1981ರಲ್ಲಿ ಮಾರುಕಟ್ಟೆಗೆ ಬಂದು, ದಶಕಗಳವರೆಗೆ ಸ್ವರೂಪವೇ ಬದಲಾಗದೆ ಹಣಕಾಸಿನವರ ಮೇಜಿನ ಮೇಲೆ ಉಳಿದ ಯಂತ್ರವದು. ಅದನ್ನು ತಯಾರಿಸಿದ ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ ಚರಿತ್ರೆಯನ್ನು ಕುತೂಹಲದಿಂದ ಓದತೊಡಗಿದವನಿಗೆ, ಆ ತರುಣನ ಕಥೆಯನ್ನು ಅರ್ಥಮಾಡಿಕೊಳ್ಳುವ ದಾರಿಯೂ ಅಲ್ಲೇ ದೊರೆಯಿತು. ವಾಚಕರ ಕ್ಷಮೆ ಕೋರಿ ಆ ಚರಿತ್ರೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಬಿಲ್ ಹ್ಯೂಲೆಟ್ ಮತ್ತು ಡೇವಿಡ್ ಪ್ಯಾಕರ್ಡ್ ಎಂಬ ಇಬ್ಬರು ಸಹಪಾಠಿಗಳು 1939ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಪಾಲೊ ಆಲ್ಟೊ ಊರಿನಲ್ಲಿ, ಒಂದು ಮನೆಯ ಹಿಂದಿನ ಮೋಟಾರು ಕೊಟ್ಟಿಗೆಯಲ್ಲಿ, 538 ಡಾಲರುಗಳ ಬಂಡವಾಳದಿಂದ ಈ ಕಂಪನಿಯನ್ನು ಆರಂಭಿಸಿದರು. ಯಾರ ಹೆಸರು ಮೊದಲು ಬರಬೇಕೆಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಿದರಂತೆ. ಅವರು ಮೊದಲಿನಿಂದಲೂ ಪಾಲಿಸಿಕೊಂಡು ಬಂದ ಕೆಲವು ನಡವಳಿಕೆಗಳಿಗೆ ಮುಂದೆ 'ಎಚ್‌ಪಿ ಮಾರ್ಗ' ಎಂಬ ಹೆಸರೇ ಬಂತು. ಆರಂಭದ ವರ್ಷಗಳಲ್ಲಿ ನೌಕರನೊಬ್ಬನಿಗೆ ಕ್ಷಯರೋಗ ತಗಲಿ ಎರಡು ವರ್ಷ ರಜೆಯ ಮೇಲೆ ಹೋಗಬೇಕಾಯಿತು. ಕಂಪನಿಯು ಸ್ವಲ್ಪ ಧನಸಹಾಯ ಮಾಡಿತಾದರೂ ಆ ಸಂಸಾರ ಪಟ್ಟ ಕಷ್ಟವನ್ನು ಕಣ್ಣಾರೆ ಕಂಡ ಮಾಲೀಕರು, ದೊಡ್ಡ ಕಾಯಿಲೆಗಳಿಗೆ ನೌಕರರಿಗೆಲ್ಲ ವಿಮೆ ಮಾಡಿಸುವ ಏರ್ಪಾಡನ್ನು ಮಾಡಿದರು. 1940ರ ದಶಕದಲ್ಲಿ ಅಂಥ ವಿಮೆ ಅತಿ ವಿರಳವಾಗಿತ್ತು. ಕಂಪನಿಯ ಹವೆಗೂ ನೌಕರನ ದೇಹಕ್ಕೂ ಇರುವ ನಂಟನ್ನು ಅವರು ವೈದ್ಯರಿಂದ ಕೇಳಿ ತಿಳಿದುಕೊಂಡವರಲ್ಲ.

ಇನ್ನೊಂದು ಪ್ರಸಂಗ ನನಗೆ ಬಹಳ ಪ್ರಿಯವಾದದ್ದು. ವಾರಾಂತ್ಯದಲ್ಲಿ ಒಮ್ಮೆ ಹ್ಯೂಲೆಟ್ ಅವರು ಯಾವುದೋ ಉಪಕರಣಕ್ಕಾಗಿ ಉಗ್ರಾಣಕ್ಕೆ ಹೋದಾಗ ಅದಕ್ಕೆ ಬೀಗ ಹಾಕಿತ್ತು. ಅವರು ಅದನ್ನು ಒಡೆದು ತೆಗೆದು, ಇನ್ನು ಮುಂದೆ ಈ ಬಾಗಿಲಿಗೆ ಬೀಗ ಹಾಕಕೂಡದೆಂದು ಚೀಟಿ ಬರೆದಿಟ್ಟು ಹೋದರು. ನೌಕರರು ಬಿಡಿಭಾಗಗಳನ್ನು ಮನೆಗೆ ಒಯ್ದು ಪ್ರಯೋಗ ಮಾಡಿದರೆ ಕಲಿಯುತ್ತಾರೆ, ಅದರಿಂದ ಕಂಪನಿಗೇ ಲಾಭ ಎಂಬುದು ಅವರ ನಿಲುವು. ಸ್ಟ್ರಾಂಗ್ ರೂಮಿನ ಎರಡು ಬೀಗದ ಕೈಗಳನ್ನು ಇಬ್ಬರು ಅಧಿಕಾರಿಗಳು ಬೇರೆ ಬೇರೆಯಾಗಿ ಇಟ್ಟುಕೊಳ್ಳುವ ಸಂಪ್ರದಾಯದಲ್ಲಿ ಬೆಳೆದ ನನ್ನಂಥವನಿಗೆ ಇದು ಮೊದಲು ಹುಚ್ಚುತನವಾಗಿಯೇ ಕಂಡಿತು!

1970ರಲ್ಲಿ ಅಮೆರಿಕದಲ್ಲಿ ಆರ್ಥಿಕ ಹಿಂಜರಿತ ಉಂಟಾಗಿ, ಕಂಪನಿಗೆ ಬರುತ್ತಿದ್ದ ಬೇಡಿಕೆ ಉತ್ಪಾದನಾ ಸಾಮರ್ಥ್ಯಕ್ಕಿಂತ ಸುಮಾರು ಶೇಕಡಾ 10ರಷ್ಟು ಕಡಿಮೆಯಾಯಿತು. ಹತ್ತರಲ್ಲೊಬ್ಬನನ್ನು ಮನೆಗೆ ಕಳುಹಿಸುವುದು ಸುಲಭದ ಹಾದಿಯಾಗಿತ್ತು. ಅದರ ಬದಲು ಮೇಲಿನವರಿಂದ ಕೆಳಗಿನವರವರೆಗೆ ಎಲ್ಲರ ಸಂಬಳವನ್ನೂ ಶೇಕಡಾ 10 ಇಳಿಸಿ, ಎರಡು ವಾರಕ್ಕೊಂದು ಶುಕ್ರವಾರ ಎಲ್ಲರಿಗೂ ರಜೆ ಕೊಟ್ಟರು. ಸುಮಾರು ಆರು ತಿಂಗಳಲ್ಲಿ ಬೇಡಿಕೆ ಚೇತರಿಸಿಕೊಂಡಿತು, ಸಂಬಳವೂ ಮೊದಲಿನಂತಾಯಿತು. ನಷ್ಟವೇನೂ ಮಾಯವಾಗಲಿಲ್ಲ, ಹಂಚಿಹೋಯಿತು.

ಈಗ ಮೂವತ್ತೊಂದು ವರ್ಷ ಮುಂದೆ ಬರೋಣ. ಪ್ಯಾಕರ್ಡ್ 1996ರಲ್ಲಿ, ಹ್ಯೂಲೆಟ್ 2001ರ ಜನವರಿಯಲ್ಲಿ ತೀರಿಕೊಂಡರು. 1999ರಲ್ಲಿ ಹೊರಗಿನಿಂದ ಬಂದ ಕಾರ್ಲಿ ಫಿಯೊರಿನಾ ಅವರು ಮುಖ್ಯಾಧಿಕಾರಿಯಾಗಿದ್ದರು. 2001ರಲ್ಲಿ ಮತ್ತೆ ಮಾರುಕಟ್ಟೆ ಕುಸಿದಾಗ ಕಂಪನಿಯು ನೌಕರರನ್ನು ಸ್ವಇಚ್ಛೆಯಿಂದ ಸಂಬಳ ಅಥವಾ ರಜೆಯನ್ನು ಬಿಟ್ಟುಕೊಡುವಂತೆ ಕೇಳಿತು. ಎಂಬತ್ತು ಸಾವಿರಕ್ಕೂ ಹೆಚ್ಚು ಮಂದಿ ಒಪ್ಪಿ ಹೆಸರು ಕೊಟ್ಟರು. ಅವರಲ್ಲಿ ಅನೇಕರಿಗೆ 1970ರ ನೆನಪು, ಇಲ್ಲವೆ ಹಿರಿಯರಿಂದ ಕೇಳಿದ ಕಥೆ, ಬೆನ್ನಿಗಿದ್ದಿರಬೇಕು. ಕೆಲವೇ ವಾರಗಳಲ್ಲಿ, ಜುಲೈ ತಿಂಗಳಲ್ಲಿ, 6,000 ಮಂದಿಯನ್ನು ಕೆಲಸದಿಂದ ತೆಗೆಯುವ ಪ್ರಕಟಣೆ ಹೊರಬಿತ್ತು. ಸೆಪ್ಟೆಂಬರಿನಲ್ಲಿ ಕಾಂಪ್ಯಾಕ್ ಕಂಪನಿಯೊಡನೆ ವಿಲೀನದ ಘೋಷಣೆಯಾಯಿತು. ಹ್ಯೂಲೆಟ್ ಅವರ ಮಗನೇ ಅದನ್ನು ಬಹಿರಂಗವಾಗಿ ವಿರೋಧಿಸಿದರೂ ಷೇರುದಾರರ ಮತದಾನದಲ್ಲಿ ವಿಲೀನವು ಅಲ್ಪ ಅಂತರದಿಂದ ಗೆದ್ದಿತು.

ಫಿಯೊರಿನಾ ಅವರೊಬ್ಬರ ಮೇಲೆ ಎಲ್ಲವನ್ನೂ ಹೊರಿಸುವುದು ನ್ಯಾಯವಲ್ಲ. ಅವರು ಬರುವ ಮುನ್ನವೇ ಕಂಪನಿಯ ಬೆಳವಣಿಗೆ ಮಂದವಾಗಿತ್ತು, ಕಾಲವೂ ಕಠಿಣವಾಗಿತ್ತು. 2005ರಲ್ಲಿ ಅವರು ಹುದ್ದೆಯಿಂದ ಹೊರಬಿದ್ದ ಮೇಲೂ ಕಡಿತ ನಿಲ್ಲಲಿಲ್ಲ: ಅದೇ ವರ್ಷ ಹೊಸ ಮುಖ್ಯಾಧಿಕಾರಿ 14,500 ನೌಕರಿಗಳನ್ನು ತೆಗೆಯುವ ಯೋಜನೆಯನ್ನು ಪ್ರಕಟಿಸಿದರು, 2012ರಲ್ಲಿ ಮತ್ತೊಬ್ಬರು 27,000 ನೌಕರಿಗಳ ಕಡಿತವನ್ನು ಸಾರಿದರು, ಆಮೇಲೆ ಆ ಸಂಖ್ಯೆಯನ್ನೂ ಏರಿಸಿದರು. 2006ರಲ್ಲಿ ನಿರ್ದೇಶಕ ಮಂಡಳಿಯ ಗುಟ್ಟುಗಳು ಪತ್ರಿಕೆಗಳಿಗೆ ಹೇಗೆ ಸೋರುತ್ತಿವೆಯೆಂದು ಪತ್ತೆಹಚ್ಚಲು ಕಂಪನಿಯು ನೇಮಿಸಿದ ಪತ್ತೇದಾರರು ಸುಳ್ಳು ಹೆಸರು ಹೇಳಿ, ಸ್ವಂತ ನಿರ್ದೇಶಕರ ಮತ್ತು ಪತ್ರಕರ್ತರ ದೂರವಾಣಿ ಕರೆಗಳ ಪಟ್ಟಿಗಳನ್ನೇ ಸಂಪಾದಿಸಿದರೆಂಬುದು ಬಯಲಾಯಿತು. ಉಗ್ರಾಣಕ್ಕೆ ಬೀಗ ಬೇಡವೆಂದವರ ಕಂಪನಿಯದು ಇದು! 2015ರಲ್ಲಿ ಅದು ಎರಡು ಹೋಳಾಯಿತು.

ವಾಣಿಜ್ಯದ ವಿದ್ಯಾರ್ಥಿಯಾಗಿ ನನ್ನನ್ನು ಚುಚ್ಚುವ ಸಂಗತಿಯೆಂದರೆ, ಈ ಅವನತಿಯ ನಡುವೆಯೂ ಕಂಪನಿಯು ಹಲವು ವರ್ಷ ಒಳ್ಳೆಯ ಲಾಭ ಗಳಿಸಿತು. ವೈಯಕ್ತಿಕ ಗಣಕಯಂತ್ರಗಳ ಮಾರಾಟದಲ್ಲಿ ಜಗತ್ತಿನಲ್ಲೇ ಮೊದಲ ಸ್ಥಾನಕ್ಕೇರಿತು. ಅಢಾವೆ ಪತ್ರಿಕೆಯಲ್ಲಿ ಕಟ್ಟಡಕ್ಕೆ ಸವಕಳಿ ಬರೆಯುತ್ತೇವೆ, ಯಂತ್ರಕ್ಕೆ ಬರೆಯುತ್ತೇವೆ; ನೌಕರರ ವಿಶ್ವಾಸ ಸವೆದುದಕ್ಕೆ ಯಾವ ಅಂಕಣವೂ ಇಲ್ಲ. ಆ ನಷ್ಟವನ್ನು ಬರೆದುಕೊಳ್ಳುವ ಪುಸ್ತಕವೆಂದರೆ ನೌಕರನ ದೇಹವೊಂದೇ.

ಇದು ಅಲಂಕಾರದ ಮಾತಲ್ಲ. ಅಪಾಯ ಎದುರಾದಾಗ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕೆಲವು ರಸಗಳನ್ನು ರಕ್ತಕ್ಕೆ ಬಿಡುತ್ತವೆ. ಹೃದಯದ ಬಡಿತ ಏರುತ್ತದೆ, ರಕ್ತದೊತ್ತಡ ಏರುತ್ತದೆ, ಶೇಖರವಾಗಿದ್ದ ಸಕ್ಕರೆ ರಕ್ತಕ್ಕಿಳಿಯುತ್ತದೆ. ಬೀದಿಯಲ್ಲಿ ಹುಚ್ಚು ನಾಯಿ ಅಟ್ಟಿಸಿಕೊಂಡು ಬಂದರೆ ಓಡಲು ಇದು ಅವಶ್ಯ. ನಾಯಿ ಹೋದ ಮೇಲೆ ಎಲ್ಲವೂ ಇಳಿಯಬೇಕು. ಆದರೆ ನಾಳೆ ಯಾರ ಹೆಸರು ಪಟ್ಟಿಯಲ್ಲಿದೆಯೋ ಎಂಬ ಭಯವು ಸಾಯಂಕಾಲ ಆರಕ್ಕೆ ಕಚೇರಿಯಲ್ಲಿ ಉಳಿಯುವುದಿಲ್ಲ. ಮನೆಗೆ ಬರುತ್ತದೆ, ಊಟಕ್ಕೆ ಕೂಡುತ್ತದೆ, ಹಾಸಿಗೆಗೂ ಬರುತ್ತದೆ. ಇಳಿಯಬೇಕಾದದ್ದು ಇಳಿಯುವುದಿಲ್ಲ. ನಿದ್ರೆ ಕೆಡುತ್ತದೆ. ನಿದ್ರೆ ಕೆಟ್ಟವನಿಗೆ ಮರುದಿನದ ಕೆಲಸ ಇನ್ನಷ್ಟು ಭಾರವಾಗುತ್ತದೆ. ತಿಂಗಳುಗಟ್ಟಲೆ ಹೀಗೇ ನಡೆದರೆ ರಕ್ತದೊತ್ತಡದ ಕಾಯಿಲೆಗೆ ಹಾದಿ ಸುಗಮವಾಗುತ್ತದೆ.

ಈ ವಿಷಯದಲ್ಲಿ ನಮ್ಮಂಥ ಗುಮಾಸ್ತರೂ ಅಧಿಕಾರಿಗಳೂ ಗಮನಿಸಬೇಕಾದ ಸಂಶೋಧನೆ ಬ್ರಿಟನ್ನಿನದು. 1967ರಲ್ಲಿ ಆರಂಭವಾದ ವೈಟ್‌ಹಾಲ್ ಅಧ್ಯಯನದಲ್ಲಿ ಲಂಡನ್ನಿನ ಸರಕಾರಿ ನೌಕರರ ಆರೋಗ್ಯವನ್ನು ವರ್ಷಾನುಗಟ್ಟಲೆ ಗಮನಿಸಿದರು. ಇವರಲ್ಲಿ ಬಡವರಿಲ್ಲ, ನಿರುದ್ಯೋಗಿಗಳಿಲ್ಲ. ಎಲ್ಲರೂ ಸರಕಾರಿ ಕಚೇರಿಗಳಲ್ಲಿ ಕೆಲಸ ಮಾಡುವವರು. ಮೈಕೆಲ್ ಮಾರ್ಮೊಟ್ ಮತ್ತು ಅವರ ಸಹೋದ್ಯೋಗಿಗಳು ಕಂಡದ್ದೇನೆಂದರೆ, ಕೆಳಗಿನ ದರ್ಜೆಯವರಲ್ಲಿ ಹೃದ್ರೋಗದ ಸಾವು ಮೇಲಿನ ದರ್ಜೆಯವರಿಗಿಂತ ಸುಮಾರು ಮೂರು ಪಟ್ಟು ಅಧಿಕ. ಧೂಮಪಾನ, ಕೊಬ್ಬು, ರಕ್ತದೊತ್ತಡ ಇವೆಲ್ಲವನ್ನೂ ಲೆಕ್ಕಕ್ಕೆ ಹಿಡಿದರೂ ಈ ಅಂತರದ ಒಂದು ಭಾಗ ಮಾತ್ರ ಬಿಡಿಸಿಕೊಂಡಿತು. 1985ರಲ್ಲಿ ಆರಂಭವಾದ ಎರಡನೆಯ ಅಧ್ಯಯನದಲ್ಲಿ, ತನ್ನ ಕೆಲಸದ ಮೇಲೆ ತನಗೇ ಹಿಡಿತವಿಲ್ಲದವರಲ್ಲಿ ಹೃದ್ರೋಗ ಹೆಚ್ಚೆಂಬುದು ಕಂಡುಬಂತು. ಕೆಲಸ ಹೆಚ್ಚಿರುವುದು ಒಂದು ಸಂಗತಿ. ಅದನ್ನು ಹೇಗೆ ಮಾಡಬೇಕು, ಯಾವಾಗ ಮಾಡಬೇಕು ಎಂಬ ಮಾತೇ ನಮ್ಮದಲ್ಲವೆಂದಾಗುವುದು ಬೇರೊಂದು ಸಂಗತಿ. ಹವೆ ಕೆಟ್ಟ ಕಚೇರಿ ಮೊದಲು ಕಸಿದುಕೊಳ್ಳುವುದು ಈ ಎರಡನೆಯದನ್ನು.

ಕೆಲಸದ ಅವಧಿಯೇನೂ ಅಲಕ್ಷಿಸುವಂಥದಲ್ಲ. ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇಕಡಾ 35ರಷ್ಟೂ, ಹೃದ್ರೋಗದಿಂದ ಸಾಯುವ ಅಪಾಯ ಶೇಕಡಾ 17ರಷ್ಟೂ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು 2021ರಲ್ಲಿ ಪ್ರಕಟಿಸಿದವು. 2016ನೆಯ ಒಂದೇ ವರ್ಷದಲ್ಲಿ ಈ ಕಾರಣದಿಂದ ಜಗತ್ತಿನಲ್ಲಿ ಸುಮಾರು 7,45,000 ಮಂದಿ ಸತ್ತರೆಂಬುದು ಅವುಗಳ ಅಂದಾಜು. ಅದಕ್ಕೂ ಮೊದಲು, 2019ರಲ್ಲಿ, ಬರ್ನ್‌ಔಟ್ ಎಂಬ ದುಡಿಮೆಯ ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು ತನ್ನ ಹೊಸ ವರ್ಗೀಕರಣದಲ್ಲಿ ವಿವರಿಸಿತು. ಅದನ್ನು ಕಾಯಿಲೆಯೆನ್ನದೆ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿಯೆಂದು ಕರೆದದ್ದು ಗಮನಾರ್ಹ. ಶಕ್ತಿಯೆಲ್ಲ ಬಸಿದುಹೋದ ಆಯಾಸ, ಕೆಲಸದ ಬಗ್ಗೆ ಹುಟ್ಟುವ ತಾತ್ಸಾರ, ತನ್ನ ಕೈಯಲ್ಲಿ ಏನೂ ಆಗದೆಂಬ ಭಾವನೆ: ಈ ಮೂರೂ ಕೂಡಿದ ಸ್ಥಿತಿ ಅದು. ಕಾರಣವು ಕಚೇರಿಯಲ್ಲಿರುವಾಗ ನೌಕರನಿಗೆ ಮಾತ್ರ ಪ್ರಾಣಾಯಾಮ ಕಲಿಸಿದರೆ ಸಾಲದು. ಪ್ರಾಣಾಯಾಮ ಒಳ್ಳೆಯದೇ, ನಾನೂ ಮಾಡುತ್ತೇನೆ. ಆದರೆ ಸೋರುವ ಛಾವಣಿಯ ಕೆಳಗೆ ಕುಳಿತವನಿಗೆ ಟವೆಲು ಕೊಟ್ಟಂತಾಗಬಾರದು.

ಆ ತರುಣನ ವಿಷಯಕ್ಕೆ ಬರುತ್ತೇನೆ. 2024ರ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಆತನು ಮತ್ತೆ ಶಾಖೆಗೆ ಬಂದನು. ಮೂವತ್ತನಾಲ್ಕು ವಯಸ್ಸಿನವನು ನನಗಿಂತ ಹಿರಿಯನಂತೆ ಕಾಣುತ್ತಿದ್ದನು. ಕುರ್ಚಿಯ ತುದಿಯಲ್ಲಿ ಕುಳಿತು, "ಕಾಕಾ, ಆರು ತಿಂಗಳ ಕಂತು ಮುಂದ ಹಾಕ್ಲಿಕ್ಕೆ ಬರ್ತದೇನ್ರಿ?" ಎಂದನು. ಸಂಬಳ ನಿಂತಿತೇ ಎಂದು ಕೇಳಿದೆ. ಇಲ್ಲ, ಸಂಬಳ ಬರುತ್ತಿತ್ತು. ಕೆಲಸ ಬಿಟ್ಟರೆ ಎಷ್ಟು ದಿನ ಉಸಿರಾಡಬಹುದೆಂಬ ಲೆಕ್ಕ ಆತನಿಗೆ ಬೇಕಾಗಿತ್ತು.

ಆತನು ಹೇಳಿದ್ದು ಇಷ್ಟು. ಎರಡು ವರ್ಷದ ಹಿಂದೆ ಕಂಪನಿಯ ಆಡಳಿತ ಬದಲಾಯಿತು. ಮೊದಲು ನಿಂತುಹೋದದ್ದು ಸಭೆಗಳಲ್ಲಿ ಪ್ರಶ್ನೆ ಕೇಳುವುದು. ನಿಲ್ಲಿಸಿರೆಂದು ಯಾರೂ ಹೇಳಲಿಲ್ಲ. ಕೇಳಿದ ಇಬ್ಬರು ಆ ವರ್ಷದ ಮೌಲ್ಯಮಾಪನದಲ್ಲಿ ಕೆಳಗಿಳಿದರು, ಅಷ್ಟೇ. ಪ್ರತಿಯೊಂದು ತಂಡದಲ್ಲಿ ಇಷ್ಟು ಮಂದಿ ಕಡಿಮೆ ದರ್ಜೆಯವರು ಇರಲೇಬೇಕೆಂಬ ಕಟ್ಟಳೆ ಬಂತು. ಅದರಿಂದ ಒಬ್ಬನ ತಪ್ಪು ಇನ್ನೊಬ್ಬನಿಗೆ ರಕ್ಷಣೆಯಾಯಿತು. ಅನುಭವಸ್ಥರು ಒಬ್ಬೊಬ್ಬರಾಗಿ ಬಿಟ್ಟುಹೋದರು. ಬೀಳ್ಕೊಡುಗೆಯ ಚಹಾ ಕೂಡ ಇಲ್ಲದೆ, ಬೆಳಿಗ್ಗೆ ಬಂದು ನೋಡಿದರೆ ಅವರ ಹೆಸರು ಪಟ್ಟಿಯಿಂದ ಅಳಿಸಿಹೋಗಿರುತ್ತಿತ್ತು. ಮನೆಯಿಂದ ಕೆಲಸ ಮಾಡುವಾಗ ಎಷ್ಟು ಹೊತ್ತು ಕೀಲಿಮಣೆಯ ಮೇಲೆ ಬೆರಳಾಡಿತೆಂದು ಎಣಿಸುವ ತಂತ್ರಾಂಶ ಬಂತು. ಅದೇ ಸಮಯಕ್ಕೆ, 'ನಾವೆಲ್ಲ ಒಂದೇ ಕುಟುಂಬ' ಎಂಬ ಪತ್ರಗಳು ಮೇಲಿನಿಂದ ಹೆಚ್ಚು ಹೆಚ್ಚಾಗಿ ಬರತೊಡಗಿದವು.

ಈ ಕೊನೆಯ ಮಾತನ್ನು ಕೇಳಿದಾಗ ನನಗೆ ನಗು ಬಂತು. ನಮ್ಮಲ್ಲಿ ವ್ಯಾಪಾರದ ಸಾಲ ಪಡೆದ ಪಾರ್ಟಿಯ ವ್ಯವಹಾರ ಒಳಗೊಳಗೇ ಹದಗೆಡುತ್ತಿರುವಾಗ, ಅವರ ದಾಸ್ತಾನಿನ ಪಟ್ಟಿಗಳು ಇದ್ದಕ್ಕಿದ್ದಂತೆ ಅತ್ಯಂತ ಅಂದವಾಗಿ, ಹೇಳಿದ ದಿನಕ್ಕೆ ಸರಿಯಾಗಿ ಬರಲಾರಂಭಿಸುತ್ತವೆ. ಹಳಬ ಅಧಿಕಾರಿಗಳು ಅದನ್ನು ಕಂಡ ಕೂಡಲೇ ಗೋದಾಮಿಗೆ ಹೋಗಿ ಮೂಟೆ ಎಣಿಸುತ್ತಾರೆ.

ಆತನಿಗೆ ಹಲವು ತಿಂಗಳಿಂದ ನಸುಕಿನ ಮೂರಕ್ಕೆ ಎಚ್ಚರವಾಗಿ ಮತ್ತೆ ನಿದ್ರೆ ಬರುತ್ತಿರಲಿಲ್ಲ. ತಲೆನೋವೆಂದು ವೈದ್ಯರ ಬಳಿ ಹೋದಾಗ ರಕ್ತದೊತ್ತಡ 160/100 ಇತ್ತು. ಅವರು ಗುಳಿಗೆ ಬರೆದುಕೊಟ್ಟು, ಏನು ಕೆಲಸ ಮಾಡುತ್ತೀರೆಂದು ಕೇಳಿದರಂತೆ. ಧಾರವಾಡದಲ್ಲಿರುವ ತಾಯಿತಂದೆಗಳಿಗೆ ಇದಾವುದೂ ಗೊತ್ತಿರಲಿಲ್ಲ. ಪ್ರತಿ ರವಿವಾರ ಫೋನ್ ಮಾಡಿದಾಗ "ಎಲ್ಲಾ ಆರಾಮ" ಎಂದೇ ಹೇಳುತ್ತಿದ್ದನು. ಪರಊರಿನಲ್ಲಿ ನೆಲೆಸಿದ ನಮಗೆ ಇದು ಹೊಸದಲ್ಲ. ಊರಲ್ಲಿದ್ದಿದ್ದರೆ ಮುಖ ನೋಡಿಯೇ ಯಾರಾದರೂ ಕಂಡುಹಿಡಿಯುತ್ತಿದ್ದರು. ಇಲ್ಲಿ ಮಹಾನಗರದಲ್ಲಿ ನೌಕರಿಯೇ ನಮ್ಮ ವಿಳಾಸ. ಅದು ಅಲ್ಲಾಡಿದರೆ ಹೇಳಿಕೊಳ್ಳಲು ನಾಚಿಕೆ.

ಮತ್ತು ಆತನನ್ನು ಅಲ್ಲಿ ಕಟ್ಟಿಹಾಕಿದ್ದ ಹಗ್ಗ ನಾನು ಹೊಸೆದದ್ದು. 2022ರ ಮೇ ತಿಂಗಳಿನಿಂದ 2023ರ ಫೆಬ್ರುವರಿಯವರೆಗೆ ರಿಸರ್ವ್ ಬ್ಯಾಂಕು ರೆಪೊ ದರವನ್ನು ಶೇಕಡಾ 4ರಿಂದ 6.5ಕ್ಕೆ ಏರಿಸಿದ್ದರಿಂದ, ಬದಲಾಗುವ ಬಡ್ಡಿಯ ಸಾಲವಾದ ಆತನ ಕಂತು 46,500ರಿಂದ 55,000 ರೂಪಾಯಿ ದಾಟಿತ್ತು. ಸಂಬಳ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಅರ್ಧಕ್ಕಿಂತ ಹೆಚ್ಚು ಕಂತಿಗೇ ಹೋಗುತ್ತಿತ್ತು. ಕೆಲಸ ಬಿಟ್ಟರೆ ನಾಲ್ಕನೆಯ ತಿಂಗಳು ಬ್ಯಾಂಕಿನ ನೋಟೀಸು. ಮಂಜೂರು ಮಾಡುವಾಗ ನಾನು ಸಂಬಳದ ಚೀಟಿಯನ್ನು ನೋಡಿದ್ದೆ, ಸಂಬಳ ಕೊಡುವ ಜಾಗದ ಹವೆಯನ್ನು ನೋಡಲಿಲ್ಲ. ನೋಡಬೇಕೆಂದು ಯಾವ ಸುತ್ತೋಲೆಯೂ ಹೇಳುವುದಿಲ್ಲವೆಂಬುದು ನಿಜ. ಆದರೂ ಅಂದು ರಾತ್ರಿ ನನಗೂ ನಿದ್ರೆ ಬರಲಿಲ್ಲ.

ಕಂತನ್ನು ಪೂರ್ತಿ ನಿಲ್ಲಿಸುವುದು ಸಾಧ್ಯವಿರಲಿಲ್ಲ. ಅವಧಿಯನ್ನು ವಿಸ್ತರಿಸುವುದು ಸಾಧ್ಯವಿತ್ತು. ಉಳಿದಿದ್ದ ಹದಿನೇಳು ವರ್ಷವನ್ನು ಇಪ್ಪತ್ತೈದು ಮಾಡಿದರೆ ಕಂತು ಸುಮಾರು ಆರೂವರೆ ಸಾವಿರ ರೂಪಾಯಿ ಇಳಿಯುತ್ತದೆ. ಅದಕ್ಕೆ ತೆರಬೇಕಾದ ಬೆಲೆಯನ್ನೂ ಲೆಕ್ಕಹಾಕಿ ತೋರಿಸಿದೆ: ಅದೇ ಬಡ್ಡಿ ಕೊನೆಯವರೆಗೂ ಮುಂದುವರಿದರೆ ಮೂವತ್ತು ಲಕ್ಷಕ್ಕೂ ಮೀರಿದ ಹೆಚ್ಚಿನ ಬಡ್ಡಿ. ಸಾಲದ ಅಧಿಕಾರಿಯಾಗಿ ಇಂಥ ಸಲಹೆಯನ್ನು ನಾನು ಸಾಮಾನ್ಯವಾಗಿ ಕೊಡುವುದಿಲ್ಲ. ಆದರೆ ಬದಲಾಗುವ ಬಡ್ಡಿಯ ಗೃಹಸಾಲವನ್ನು ಮುಂಚಿತವಾಗಿ ತೀರಿಸುವವರಿಗೆ ದಂಡ ವಿಧಿಸಕೂಡದೆಂದು ರಿಸರ್ವ್ ಬ್ಯಾಂಕು 2012ರಲ್ಲೇ ಆದೇಶಿಸಿರುವುದರಿಂದ, ಕೈ ಬಿಡುವಾದಾಗ ಅಸಲಿಗೆ ಹಣ ಕಟ್ಟಿ ಈ ಹೊರೆಯನ್ನು ಇಳಿಸಿಕೊಳ್ಳಬಹುದು. ಹೃದಯಕ್ಕೆ ಆದ ಹಾನಿಯನ್ನು ಹಾಗೆ ಕಂತಿನಲ್ಲಿ ತೀರಿಸಲಾಗದು. ಆತನು ಒಪ್ಪಿ ಸಹಿ ಮಾಡಿದನು.

ಹವೆ ಕೆಡಿಸಿದವರಿಗೆ ಹೊಣೆಯೇ ಇಲ್ಲವೇ ಎಂದು ಕೇಳಬಹುದು. ಫ್ರಾನ್ಸಿನಲ್ಲಿ ಒಮ್ಮೆ ನ್ಯಾಯಾಲಯ ಹೊಣೆಯನ್ನು ಹೊರಿಸಿದೆ. ಫ್ರಾನ್ಸ್ ಟೆಲಿಕಾಂ ಎಂಬ ದೂರಸಂಪರ್ಕ ಸಂಸ್ಥೆಯಲ್ಲಿ ಬಹಳ ಮಂದಿಗೆ ಸರಕಾರಿ ನೌಕರರ ಭದ್ರತೆಯಿದ್ದುದರಿಂದ ತೆಗೆದುಹಾಕುವಂತಿರಲಿಲ್ಲ. 2006ರಿಂದ ಮೂರು ವರ್ಷಗಳಲ್ಲಿ 22,000 ಮಂದಿ ಹೊರಹೋಗಬೇಕೆಂದು ಆಡಳಿತವು ಗುರಿಯಿಟ್ಟುಕೊಂಡು, ಅವರು ತಾವಾಗಿಯೇ ಬಿಟ್ಟುಹೋಗುವಂಥ ವಾತಾವರಣವನ್ನು ನಿರ್ಮಿಸಿತು. ನ್ಯಾಯಾಲಯವು 39 ಮಂದಿ ನೌಕರರ ಪ್ರಕರಣಗಳನ್ನು ಪರಿಶೀಲಿಸಿತು. ಅವರಲ್ಲಿ 19 ಮಂದಿ ಪ್ರಾಣ ಕಳೆದುಕೊಂಡಿದ್ದರು. 2019ರ ಡಿಸೆಂಬರಿನಲ್ಲಿ ಸಂಸ್ಥೆಯೂ ಅದರ ಮಾಜಿ ಮುಖ್ಯಸ್ಥರೂ ತಪ್ಪಿತಸ್ಥರೆಂದು ತೀರ್ಪು ಬಂತು. ಮೇಲ್ಮನವಿಯಲ್ಲಿ ಸೆರೆವಾಸದ ಶಿಕ್ಷೆ ಅಮಾನತಾಯಿತು. ಆದರೆ ಅಪರಾಧ ನಿರ್ಣಯವನ್ನು ದೇಶದ ಅತ್ಯುನ್ನತ ನ್ಯಾಯಾಲಯವು 2025ರ ಜನವರಿಯಲ್ಲಿ ಎತ್ತಿಹಿಡಿಯಿತು. ಕಂಪನಿಗೆ ವಿಧಿಸಿದ ದಂಡ 75,000 ಯೂರೊ. ಕಾನೂನಿನಲ್ಲಿ ಆಗಿದ್ದ ಗರಿಷ್ಠ ದಂಡವೇ ಅಷ್ಟು.

ನ್ಯಾಯಾಲಯ ಬರುವವರೆಗೆ ನಮ್ಮ ಮಕ್ಕಳು ಕಾಯಲಾಗದು. ಆದುದರಿಂದ ಈಗ ಗೃಹಸಾಲಕ್ಕೆ ಬರುವ ನಮ್ಮವರಿಗೆ, ನಿಯಮ ಏನೇ ಹೇಳಲಿ, ಕಂತು ಸಂಬಳದ ಮೂರನೆಯ ಒಂದು ಭಾಗವನ್ನು ಮೀರದಿರಲೆಂದು ಹೇಳುತ್ತೇನೆ. ಕೆಲವರಿಗೆ ಕೋಪ ಬರುತ್ತದೆ. ಪಕ್ಕದ ಬ್ಯಾಂಕಿಗೆ ಹೋಗುತ್ತಾರೆ. ಆರು ತಿಂಗಳ ಮನೆಖರ್ಚು ಮತ್ತು ಕಂತಿನಷ್ಟು ಹಣವನ್ನು, ಸೋಫಾ ಕೊಳ್ಳುವ ಮೊದಲು, ಮುದ್ದತ್ತು ಠೇವಣಿಯಲ್ಲಿಡಿರೆಂದೂ ಹೇಳುತ್ತೇನೆ. ಕಂಪನಿ ಕೊಡುವ ಆರೋಗ್ಯ ವಿಮೆ ಕೆಲಸದೊಡನೆ ಹೋಗುವಂಥದು. ಸ್ವಂತ ಹೆಸರಿನಲ್ಲಿ ಚಿಕ್ಕದಾದರೂ ಒಂದು ಪಾಲಿಸಿ ಇರಲಿ, ಅದೂ ರಕ್ತದೊತ್ತಡ ಶುರುವಾಗುವ ಮುನ್ನವೇ. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಇರಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯಿದೆ ಹೇಳುತ್ತದೆ.

ರಜೆಯ ಬಗ್ಗೆ ಒಂದು ಮಾತು. ಬ್ಯಾಂಕುಗಳಲ್ಲಿ ಸೂಕ್ಷ್ಮ ಹುದ್ದೆಯಲ್ಲಿರುವವರು ವರ್ಷಕ್ಕೊಮ್ಮೆ ಕನಿಷ್ಠ ಹತ್ತು ಕೆಲಸದ ದಿನ, ಮುನ್ಸೂಚನೆಯಿಲ್ಲದೆ, ಕಡ್ಡಾಯವಾಗಿ ರಜೆಯ ಮೇಲೆ ಹೋಗಬೇಕು. ಇದು ನಮ್ಮ ಆರೋಗ್ಯದ ಮೇಲಿನ ಪ್ರೀತಿಯಿಂದಲ್ಲ, ನಮ್ಮ ಗೈರುಹಾಜರಿಯಲ್ಲಿ ಮೋಸವೇನಾದರೂ ಬಯಲಾದೀತೆಂದು! ಆದರೂ ಹೇಳುತ್ತೇನೆ, ಆ ಹತ್ತು ದಿನಗಳಲ್ಲಿ ನನಗೆ ಬರುವ ನಿದ್ರೆ ಉಳಿದ ವರ್ಷದಲ್ಲಿ ಬರುವುದಿಲ್ಲ. ತಂತ್ರಾಂಶದ ತರುಣರು ರಜೆಯನ್ನು ಉಳಿಸಿ ಉಳಿಸಿ ಕೊನೆಗೆ ಕಳೆದುಕೊಳ್ಳುವುದನ್ನು ಕಂಡು ಕನಿಕರವಾಗುತ್ತದೆ.

ಮೂವತ್ತು ದಾಟಿದವರು ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ ನೋಡಿಸಿಕೊಳ್ಳಬೇಕು. ಎರಡು ಮೂರು ವಾರ ನಿದ್ರೆ ಕೆಟ್ಟರೆ, ರವಿವಾರ ಸಂಜೆಯಾಗುತ್ತಲೇ ಎದೆ ಭಾರವಾದರೆ, ಹಿಂದೆ ಹಿಡಿಸುತ್ತಿದ್ದ ಹಾಡು-ಹರಟೆಗಳೂ ಬೇಡವೆನಿಸಿದರೆ ವೈದ್ಯರನ್ನು ಕಾಣಲು ನಾಚಬೇಕಾಗಿಲ್ಲ. ಕೇಂದ್ರ ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಎಂಬ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಫೋನ್ ಮಾಡಬಹುದು. ಅದಕ್ಕೆ ಮಾರ್ಗದರ್ಶನ ನೀಡುವ ಸಂಸ್ಥೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಕನ್ನಡದಲ್ಲಿಯೂ ಮಾತಾಡಬಹುದು. ಇಂಗ್ಲಿಷಿನಲ್ಲಿ ದುಡಿದು, ಮರಾಠಿಯಲ್ಲಿ ತರಕಾರಿ ಕೊಂಡು ಬದುಕುವ ನಮ್ಮವರಿಗೆ ಸಂಕಟವನ್ನು ತಾಯ್ನುಡಿಯಲ್ಲಿ ಹೇಳಿಕೊಳ್ಳುವುದರ ಬೆಲೆ ಏನೆಂದು ನಾನು ವಿವರಿಸಬೇಕಾಗಿಲ್ಲ. ಹಾಗೂ ಮನೆಯ ಹಿರಿಯರಲ್ಲಿ ನನ್ನ ವಿನಂತಿ: ಮಗನಾಗಲಿ ಮಗಳಾಗಲಿ ಕೆಲಸ ಬಿಡುತ್ತೇನೆಂದರೆ ಮೊದಲು ನೆರೆಯವರ ಮಕ್ಕಳ ಸಂಬಳವನ್ನು ನೆನೆಯಬೇಡಿರಿ, ನಿದ್ರೆ ಬರುತ್ತದೆಯೇ ಎಂದು ಕೇಳಿರಿ.

ಆ ತರುಣನು ಅವಧಿ ವಿಸ್ತರಣೆಯಾದ ನಾಲ್ಕು ತಿಂಗಳಿಗೆ ರಾಜೀನಾಮೆ ಕೊಟ್ಟು, ಔಂಧ್ ಭಾಗದ ಒಂದು ಸಣ್ಣ ಕಂಪನಿಗೆ ಸೇರಿಕೊಂಡನು. ಕೈಗೆ ಬರುವ ಸಂಬಳ ಮೊದಲಿಗಿಂತ ಹನ್ನೆರಡು ಸಾವಿರ ಕಡಿಮೆ. ಕಳೆದ ದೀಪಾವಳಿಯ ಹೊತ್ತಿಗೆ ಶಾಖೆಗೆ ಬಂದಿದ್ದನು. ಹೊಸ ಕಡೆಯಲ್ಲಿ ಮೊದಲ ತಿಂಗಳೇ ತನ್ನಿಂದ ಒಂದು ತಪ್ಪಾಯಿತೆಂದೂ, ಸಭೆಯಲ್ಲಿ ಅದನ್ನು ಹೇಳಲು ಎದ್ದು ನಿಂತಾಗ ಕೈ ನಡುಗಿತೆಂದೂ, ಯಾರೋ ಒಬ್ಬರು "ಮೊದಲು ಕುಳಿತುಕೊಳ್ಳಿ, ಆಮೇಲೆ ನೋಡೋಣ" ಎಂದು ಚಹಾ ತರಿಸಿದರೆಂದೂ ಹೇಳಿದನು. ಗುಳಿಗೆ ಇನ್ನೂ ನಿಂತಿಲ್ಲ. ವೈದ್ಯರು ಪ್ರಮಾಣವನ್ನು ಅರ್ಧಕ್ಕಿಳಿಸಿದ್ದಾರೆ. ತಂದೆಗೆ ಎಲ್ಲವನ್ನೂ ತಿಳಿಸಿದ್ದಾನಂತೆ, ತಾಯಿಗೆ ಇನ್ನೂ ಹೇಳಿಲ್ಲವಂತೆ. ಹೊರಡುವ ಮುನ್ನ ಸಾಲದ ಖಾತೆಗೆ ಇಪ್ಪತ್ತು ಸಾವಿರ ರೂಪಾಯಿ ಅಸಲಿನ ಲೆಕ್ಕಕ್ಕೆ ಕಟ್ಟಿ ರಸೀತಿ ಕೇಳಿ ಪಡೆದನು.